ಒರಳಿನ ಮುಂದೆ ಹೇಳಬೇಕಾಗಿದ್ದ ಮಾತು

ನಮ್ಮೂರಲ್ಲಿ ಒಬ್ಬರು ಇನ್ನೊಬ್ಬರನ್ನು ಯಾವುದಾದರೂ ಮಾತಿಗೆ ಒಪ್ಪಿಸಿದರೆ, ಒಪ್ಪಿಸಿದವರ ನಂಬಿಕೆ ಎದ್ದು ಒಪ್ಪಿದವರ ಕಡೆಗೆ ಹೋಗಿಬಿಡುತ್ತದೆ. ಹೇಳಿದ ಮಾತು ನೆನಪಿರುತ್ತದೆ, ಹೇಳಿದ ದಿನ ನೆನಪಿರುತ್ತದೆ, ಆವತ್ತು ಮನೆಯಲ್ಲಿ ಏನು ಸಾರು ಎನ್ನುವುದೂ ನೆನಪಿರುತ್ತದೆ. ನಂಬಿಕೆ ಮಾತ್ರ ಇರುವುದಿಲ್ಲ. ಹೊರಗಿನವರು ಇದೇನಪ್ಪಾ ವಿಚಿತ್ರ ಎಂದು ಬಾಯಿ ಬಿಡುತ್ತಾರೆ, ನಮಗೆ ಹುಟ್ಟಿದಾಗಿನಿಂದ ಹೀಗೇ. ಹರಿಕಥೆ ದಾಸರು ಮಂಗಳ ಹಾಡುವ ಹೊತ್ತಿಗೆ ಪೂರಾ ನಾಸ್ತಿಕರಾಗಿ, "ಎಲ್ಲಾ ಹೊಟ್ಟೆಪಾಡು ಬಿಡ್ರಪ್ಪಾ" ಎನ್ನುತ್ತ ವೇದಿಕೆ ಇಳಿಯುತ್ತಾರೆ. ಕೇಳಿದವರು ಕಣ್ಣೊರೆಸಿಕೊಳ್ಳುತ್ತ ಮನೆಗೆ ಹೋಗುತ್ತಾರೆ. ಮಾರನೆಯ ದಿನ ಬೀದಿಯ ಹಿರಿಯರೊಬ್ಬರು ದಾಸರನ್ನು ಜಗಲಿಯಲ್ಲಿ ಕೂರಿಸಿಕೊಂಡು ದೇವರಿದ್ದಾನೆ ಎಂದು ಒಪ್ಪಿಸಿ ಕಳಿಸಬೇಕು. ಅದಕ್ಕೊಂದು ಸರದಿ ಪಟ್ಟಿಯೇ ಇದೆ. ಗಣಿತದ ಮೇಷ್ಟ್ರು ಬೇಸಿಗೆ ರಜೆಯಲ್ಲಿ ಹಳೆಯ ವಿದ್ಯಾರ್ಥಿಗಳ ಮನೆ ಬಾಗಿಲಿಗೆ ಹೋಗಿ ಏಳೆಂಟ್ಲ ಐವತ್ತಾರು ಹೌದು ಎಂದು ಅವರಿಂದ ಹೇಳಿಸಿಕೊಂಡು ಬರುತ್ತಾರೆ. ಗಂಡ ಹೆಂಡಿರ ಕಥೆಯನ್ನಂತೂ ಕೇಳಲೇಬೇಡಿ. ನನಗೆ ನೀನೆಂದರೆ ಪ್ರಾಣ ಎಂದು ಅವನು ಬೆಳಿಗ್ಗೆ ಒಪ್ಪಿಸಿದರೆ ಸಂಜೆ ಅವಳು ತಿರುಗಿ ಒಪ್ಪಿಸಬೇಕು. ಇಲ್ಲದಿದ್ದರೆ ಒಬ್ಬರ ಹತ್ತಿರ ಎಲ್ಲಾ ಇದ್ದು ಇನ್ನೊಬ್ಬರು ಬರಿಗೈಯಲ್ಲಿ ಮಲಗುತ್ತಾರೆ. ಹಾಗಾಗಿ ನಮ್ಮೂರಲ್ಲಿ ದಂಪತಿಗಳು ಮಾತು ಬಿಡುವುದು ಕಡಿಮೆ.

ನಾನು ಸುಗುಣ. ಊರೊಟ್ಟಿನ ನಿಧಿಯ ಹೂಡಿಕೆ ವಿಭಾಗದಲ್ಲಿ ಕೆಲಸ. ಊರಿನ ದುಡಿಯುವ ಜನ ಮುಪ್ಪಿಗಾಗಲಿ ಎಂದು ತಿಂಗಳು ತಿಂಗಳು ಹಾಕುವ ಹಣ ಅದು. ಸುಮ್ಮನೆ ಪೆಟ್ಟಿಗೆಯಲ್ಲಿಟ್ಟರೆ ಹಣ ಮರಿ ಹಾಕುತ್ತದೆಯೇ? ಅದನ್ನು ಯಾವ ಉದ್ಯಮದಲ್ಲಿ ತೊಡಗಿಸಬೇಕು ಎಂದು ನೋಡುವವರು ನಾವು ನಾಲ್ಕು ಜನ. ಪ್ರತಿ ಗುರುವಾರ ಒಬ್ಬರು ಒಂದು ಯೋಜನೆ ಮಂಡಿಸಬೇಕು, ಉಳಿದ ಮೂವರೂ ಒಪ್ಪಬೇಕು. ಒಪ್ಪಿದ ಮೇಲೆ ಮಂಡಿಸಿದವರಿಗೆ ಅದರಲ್ಲಿ ಎಳ್ಳಷ್ಟೂ ನಂಬಿಕೆ ಉಳಿದಿರುವುದಿಲ್ಲವಲ್ಲ, ಅದಕ್ಕೆ ಯೋಜನೆ ತಂದವರ ಕೈಗೆ ಯೋಜನೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಒಪ್ಪಿದವರೇ ನಡೆಸುತ್ತಾರೆ. ತಂದವರು ಎದ್ದು ಹೋಗಿ ಒಂದು ಲೋಟ ಮಜ್ಜಿಗೆ ಕುಡಿದು, ತಲೆ ಕೆರೆದುಕೊಂಡು, ಮುಂದಿನ ಯೋಜನೆ ಹುಡುಕಿಕೊಂಡು ಹೊರಡುತ್ತಾರೆ.

ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಅವಮಾನವೆಂದರೆ ಖಾಲಿ ಬರುವುದು. ಮಂಡಿಸುವ ಮೊದಲೇ ನಂಬಿಕೆಯನ್ನು ಯಾರಿಗೋ ಕೊಟ್ಟು ಬರುವುದು. ಹೆಂಡತಿಯ ಹತ್ತಿರ ಖುಷಿಗೆ ಹೇಳಿಬಿಟ್ಟೆ, ಬಸ್ಸಿನಲ್ಲಿ ಪಕ್ಕದವನು ಕೇಳಿದ ಎಂದು ಹೇಳಿಬಿಟ್ಟೆ, ಇಂಥವೇ. ಖಾಲಿ ಬಂದರೆ ಆ ಯೋಜನೆ ಅಲ್ಲಿಗೇ ಬಿತ್ತು, ಮತ್ತೆ ಆರು ತಿಂಗಳು ಅದನ್ನು ತರುವಂತಿಲ್ಲ. ಅದಕ್ಕೆ ಎಲ್ಲರೂ ಅಭ್ಯಾಸ ಮಾಡುವುದು ಒಪ್ಪಲಾರದ ವಸ್ತುಗಳ ಮುಂದೆ. ನಮ್ಮ ಮುಖ್ಯಸ್ಥರು ಚಿಕ್ಕವೀರಯ್ಯನವರು ಗೋಡೆ ಗಡಿಯಾರದ ಮುಂದೆ ಹೇಳಿಕೊಳ್ಳುತ್ತಾರೆ. ತಿಪ್ಪೇಸ್ವಾಮಿಗೆ ಮನೆಯ ಹಿಂದೊಂದು ಬೇವಿನ ಮರವಿದೆ. ಮುನಾವರ್ ಸಾಹೇಬರು ಮೇಕೆಗೆ ಹೇಳುತ್ತಾರೆ. ಮೇಕೆ ಎಂದಾದರೂ ಒಂದು ಮಾತು ಒಪ್ಪಿದ್ದುಂಟೇ? ನಾನು ಅಡುಗೆಮನೆಯ ಒರಳಿಗೆ ಹೇಳುತ್ತಿದ್ದೆ.

ಒರಳಿಗೆ ಹೇಳಿ ಹೋದ ನನ್ನ ಮೊದಲ ಮಂಡನೆ ನೆಲ ಕಚ್ಚಿತ್ತು. ಕಣ್ಣು ಕಾಗದದ ಮೇಲಿಟ್ಟು, ಉಸಿರು ಬಿಡದೆ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಒದರಿದ್ದೆ. ಮೂವರೂ ಒಪ್ಪಲಿಲ್ಲ. ನನ್ನ ನಂಬಿಕೆ ನನ್ನ ಹತ್ತಿರವೇ ಉಳಿಯಿತು, ಮುಖಭಂಗವೂ ಅದರ ಜೊತೆಗೇ ಉಳಿಯಿತು. ಆವತ್ತು ಮುನಾವರ್ ಸಾಹೇಬರು ಹೊರಗೆ ಸಿಕ್ಕಿದಾಗ, "ಸುಗುಣಮ್ಮ, ನಿಮ್ಮ ಲೆಕ್ಕ ಸರಿ ಇತ್ತು. ಆದ್ರೆ ಯಾರಿಗೆ ಹೇಳ್ತಿದೀರಿ ಅನ್ನೋದೇ ನಮಗೆ ಗೊತ್ತಾಗ್ಲಿಲ್ಲ. ಮುಖ ನೋಡಿ ಮಾತಾಡಿ" ಎಂದರು. ಮೂವತ್ತು ವರ್ಷದ ಸರ್ವೀಸಿನವರು, ಬೇಡ ಎನ್ನುವುದರಲ್ಲಿ ಹೆಸರುವಾಸಿ. ಅವರು ಹೇಳಿದ್ದು ಸರಿಯಾಗಿ ನಾಟಿತು. ಒರಳಿಗೆ ಮುಖವೆಲ್ಲಿದೆ?

ಎರಡನೆಯ ಸಲ ನಾನು ತಂದದ್ದು ಮಲ್ಲಾಜಮ್ಮನ ಲಾಂಡ್ರಿ. ಮಲ್ಲಾಜಮ್ಮ ಹೊಳೆದಂಡೆಯಲ್ಲಿ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಹನ್ನೊಂದು ಹೆಂಗಸರ ಮುಖ್ಯಸ್ಥೆ. ಐವತ್ತು ದಾಟಿದೆ, ಕೈಬೆರಳು ಹುಣಸೆ ಸಿಪ್ಪೆಯಂತೆ ಮುರುಟಿವೆ, ಬಾಯಿ ಮಾತ್ರ ಚುರುಕು. ಆಸ್ಪತ್ರೆಯವರು, ಇನ್ನು ಮೇಲೆ ಯಂತ್ರದಲ್ಲೇ ಒಗೆಯಬೇಕು, ಶನಿವಾರದೊಳಗೆ ವ್ಯವಸ್ಥೆ ತೋರಿಸಿದರೆ ಕೆಲಸ ನಿಮಗೆ, ಇಲ್ಲದಿದ್ದರೆ ಹೊರಗಿನವರಿಗೆ ಎಂದು ಹೇಳಿಬಿಟ್ಟಿದ್ದರು. ನಾನು ಐದು ವಾರ ಹೊಳೆದಂಡೆಗೆ ಹೋಗಿ ಕೂತೆ. ದಿನಕ್ಕೆ ಎಷ್ಟು ಮಂಚದ ಹಾಸು ಬರುತ್ತವೆ, ಎಷ್ಟು ಹರಿದುಹೋಗುತ್ತವೆ, ಯಾರು ಹೇಗೆ ದುಡಿಯುತ್ತಾರೆ, ಎಲ್ಲಾ ನೋಡಿದೆ. ಹೀಗೆ ಕಣ್ಣಾರೆ ಕಂಡು ನಿಧಾನಕ್ಕೆ ಹುಟ್ಟಿದ ನಂಬಿಕೆ ನನ್ನದು, ಯಾರೂ ಕೊಟ್ಟಿದ್ದಲ್ಲ. "ಗುರುವಾರ ನಾನು ಒಪ್ಪಿಸ್ತೀನಿ ಮಲ್ಲಾಜಮ್ಮ" ಎಂದು ಮಾತು ಕೊಟ್ಟೆ. ಆಕೆ ನನ್ನ ಗದ್ದ ಹಿಡಿದು, "ನೀನೇ ನಮ್ಮ ತಾಯಿ ಕಣವ್ವ" ಎಂದಳು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು!

ಬುಧವಾರ ಸಂಜೆ ಅಭ್ಯಾಸಕ್ಕೆ ನಿಂತೆ. ಒರಳಿನ ಮುಂದೆ ನಾಲ್ಕು ಮಾತು ಹೇಳಿದ ಮೇಲೆ ಮುನಾವರ್ ಸಾಹೇಬರು ಅಂದದ್ದು ನೆನಪಾಯಿತು. ಮುಖ ಬೇಕು. ಹಾಗೆಂದು ಒಪ್ಪಿಬಿಡುವ ಮುಖ ಇರಬಾರದು. ನನ್ನ ಗಂಡ ರೈಲಿನ ಗಾರ್ಡು, ವಾರದಲ್ಲಿ ನಾಲ್ಕು ದಿನ ಊರಲ್ಲಿರುವುದಿಲ್ಲ. ಇದ್ದಿದ್ದರೂ ಅವರಿಂದ ಪ್ರಯೋಜನವಿಲ್ಲ, ನಾನು ಬಾಯಿ ತೆರೆಯುವ ಮೊದಲೇ ತಲೆಯಾಡಿಸುವವರು. ಆಗ ಕಣ್ಣಿಗೆ ಬಿದ್ದವರು ನಮ್ಮತ್ತೆ.

ನಮ್ಮತ್ತೆ ದೊಡ್ಡತಾಯಮ್ಮನವರು ಹಜಾರದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ನಾನು ಆ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಆ ಒಂಬತ್ತು ವರ್ಷದಲ್ಲಿ ನಾನು ಆಡಿದ ಒಂದು ಮಾತನ್ನೂ ಅವರು ಒಪ್ಪಿದವರಲ್ಲ. ಮೋಡ ಕಟ್ಟಿದೆ ಅತ್ತೆ ಎಂದರೆ, "ಅದು ಮೋಡ ಅಲ್ಲ, ಹೊಗೆ" ಎನ್ನುವವರು. ನಾನು ಕೆಲಸಕ್ಕೆ ಸೇರಿದಾಗ, "ಊರೋರ ದುಡ್ಡು ಇವಳ ಕೈಗೆ ಕೊಟ್ಟವ್ರಲ್ಲ, ಕೋತಿ ಕೈಗೆ ಮಾಣಿಕ್ಯ ಕೊಟ್ಟಂಗೆ" ಎಂದು ಬೀದಿಗೆಲ್ಲ ಸಾರಿದವರು. ಒರಳಿಗಿಂತ ಗಟ್ಟಿ. ಇವರಿಗಿಂತ ಕ್ಷೇಮವಾದ ಮುಖ ಊರಲ್ಲೇ ಇರಲಿಲ್ಲ.

"ಅತ್ತೆ, ನೀವು ನಿಮ್ಮ ಪಾಡಿಗೆ ಸುಲೀತಿರಿ. ನಾನು ನಿಮ್ಮ ಮುಖ ನೋಡ್ಕೊಂಡು ಸ್ವಲ್ಪ ಮಾತಾಡ್ತೀನಿ" ಎಂದೆ.

"ಆಡ್ಕೊ. ನಂಗೇನು, ಕಿವಿ ಬಾಡಿಗೆ ಕೇಳ್ತೀನಾ" ಎಂದರು.

ಹೇಳಿದೆ. ದೇವರಾಣೆ, ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ. ಎದುರಿಗೊಂದು ಮುಖವಿದ್ದರೆ ಬಾಯಿಗೆ ಮಾತು ತಾನಾಗಿ ಬರುತ್ತದೆ ಎಂದು ಆವತ್ತೇ ಗೊತ್ತಾಗಿದ್ದು. ಮಲ್ಲಾಜಮ್ಮನ ಬೆರಳಿನ ಪಾಡು ಹೇಳಿದೆ, ಆಸ್ಪತ್ರೆಯ ಹಾಸಿನ ಲೆಕ್ಕ ಹೇಳಿದೆ, ಯಂತ್ರ ಎಲ್ಲಿಂದ ತರಬೇಕು, ಹಾಕಿದ ಹಣ ಯಾವಾಗ ತಿರುಗಿ ಬರುತ್ತದೆ, ಎಲ್ಲಾ ಹೇಳಿದೆ. ಕೊನೆಗೆ ಆವೇಶ ಹತ್ತಿ, "ಇದು ಆಗುತ್ತೆ ಅತ್ತೆ. ನನ್ನ ಕೈಲಾಗುತ್ತೆ, ನಾನು ಮಾಡಿಸ್ತೀನಿ ನೋಡ್ತಿರಿ" ಎಂದುಬಿಟ್ಟೆ. ಅತ್ತೆಯ ಕೈ ಅವರೆಕಾಯಿಯ ಮೇಲೆ ಒಂದು ಕ್ಷಣ ನಿಂತಿತ್ತು. "ಹೂಂ" ಎಂದರು, ಮತ್ತೆ ಸುಲಿಯತೊಡಗಿದರು. ಅವರು ನನಗೆ ಊಹೂಂ ಎನ್ನುವವರು, ಹೂಂ ಎಂದದ್ದು ಅದೇ ಮೊದಲು. ನಾನು, ಮುಟ್ಠಾಳಿ, ಗಮನಿಸಲೇ ಇಲ್ಲ.

ಬೆಳಿಗ್ಗೆ ಎದ್ದಾಗ ಮೈ ಹಗುರವಾಗಿತ್ತು. ಕಾಗದ ತೆಗೆದು ನೋಡಿದರೆ ಬರೀ ಕಾಗದ. ಹನ್ನೊಂದು ಹೆಂಗಸರು, ಒಗೆಯಲೊಂದು ಒಣಗಿಸಲೊಂದು ಯಂತ್ರ, ಹದಿನೆಂಟು ಲಕ್ಷ. ಸರಿ, ಅದಕ್ಕೇನೀಗ? ಭಯಕ್ಕೆ ಹೀಗಾಗುತ್ತಿದೆ ಎಂದುಕೊಂಡೆ. ಅತ್ತೆ ಆಗಲೇ ಎದ್ದು ನನಗೆ ಬುತ್ತಿ ಕಟ್ಟಿದ್ದರು. ಒಂಬತ್ತು ವರ್ಷದಲ್ಲಿ ಕಟ್ಟಿದವರಲ್ಲ. ಬಾಗಿಲವರೆಗೆ ಬಂದು, ನನ್ನ ಸೆರಗು ಸರಿ ಮಾಡಿ, ಎದುರು ಮನೆಯ ಸಾಕಮ್ಮನಿಗೆ ಕೇಳಲಿ ಎಂದೇ ಗಟ್ಟಿಯಾಗಿ, "ಹೋಗ್ಬಾರವ್ವ, ಗೆದ್ಕೊಂಡು ಬಾ" ಎಂದರು. ಇವತ್ತು ಅತ್ತೆಗೆ ಮೈ ಸರಿಯಿಲ್ಲವೇನೋ, ಬರುವಾಗ ಕಷಾಯಕ್ಕೆ ಶುಂಠಿ ತರಬೇಕು ಎಂದುಕೊಂಡು ಹೊರಟೆ.

ಸಭೆ ಹತ್ತೂವರೆಗೆ. ಉದ್ದ ಮೇಜಿನ ಆ ತುದಿಯಲ್ಲಿ ಚಿಕ್ಕವೀರಯ್ಯನವರು, ಎಡಕ್ಕೆ ತಿಪ್ಪೇಸ್ವಾಮಿ, ಬಲಕ್ಕೆ ಮುನಾವರ್ ಸಾಹೇಬರು. ನಾನು ನಿಂತು ಶುರು ಮಾಡಿದೆ. ಮಾತು ಒಂದೂ ತಪ್ಪಲಿಲ್ಲ, ಮುಖ ನೋಡಿಯೇ ಹೇಳಿದೆ. ಆದರೆ ಹೇಳುತ್ತ ಹೇಳುತ್ತ ನನಗೇ ಅನ್ನಿಸತೊಡಗಿತು: ಅಲ್ಲ, ಈ ಯಂತ್ರ ಕೆಟ್ಟರೆ ಗತಿಯೇನು? ಕೈಯಲ್ಲಿ ಒಗೆದವರು ಯಂತ್ರ ನಡೆಸುತ್ತಾರೆಯೇ? ಆಸ್ಪತ್ರೆಯವರು ನಾಳೆ ಮಾತು ಬದಲಿಸಿದರೆ? ಹದಿನೆಂಟು ಲಕ್ಷ ಎನ್ನುವಾಗ ನನ್ನ ದನಿಯೇ ಇಳಿದುಹೋಯಿತು.

ಚಿಕ್ಕವೀರಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸುಗುಣ, ನೀನು ಖಾಲಿ ಬಂದಿದೀಯಮ್ಮ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಛೆ, ಒಳ್ಳೇ ಯೋಜನೆ ಇದ್ದಂಗಿತ್ತು" ಎಂದ ತಿಪ್ಪೇಸ್ವಾಮಿ. ಪಾಪ, ಅವನು ನಿಜವಾಗಿಯೂ ಮರುಗಿದ್ದ.

ಯೋಜನೆಯ ಮೇಲೆ ನನಗೆ ನಂಬಿಕೆ ಹೋಗಿತ್ತು ನಿಜ, ಆದರೆ ಮಾತು ಕೊಟ್ಟದ್ದು ನೆನಪಿತ್ತಲ್ಲ. ಶನಿವಾರದ ಗಡುವು ನೆನಪಿತ್ತಲ್ಲ. ಮುನಾವರ್ ಸಾಹೇಬರು ಮಾತ್ರ ನನ್ನ ಕಡೆಗೆ ಬಾಗಿದರು. "ನಿನ್ನೆ ಯಾರ ಮುಂದೆ ಹೇಳಿದ್ರಮ್ಮ?" ಎಂದು ಮೆಲ್ಲಗೆ ಕೇಳಿದರು.

"ಯಾರಿಗೂ ಇಲ್ಲ ಸಾಹೇಬ್ರೆ. ನಮ್ಮತ್ತೆ ಮುಂದೆ, ಅಷ್ಟೇ. ಅವರು ಸತ್ತರೂ ಒಪ್ಪೋರಲ್ಲ..." ಎಂದೆ. ಹೇಳುತ್ತಿದ್ದಂತೆ ಆ ಹೂಂ ನೆನಪಾಯಿತು, ಬುತ್ತಿ ನೆನಪಾಯಿತು, ಗೆದ್ಕೊಂಡು ಬಾ ಎಂದದ್ದು ನೆನಪಾಯಿತು. ಬಾಯಿಗೆ ಸೆರಗು ಹಿಡಿದು ನಿಂತೆ.

ಚಿಕ್ಕವೀರಯ್ಯನವರು ನಿಯಮದ ಪುಸ್ತಕಕ್ಕೆ ಕೈ ಹಾಕಿದ್ದರು. ಖಾಲಿ ಎಂದು ಬರೆದರೆ ಮುಗಿಯಿತು. ಆಗ ಮುನಾವರ್ ಸಾಹೇಬರು ತಮ್ಮ ಬುತ್ತಿ ಡಬ್ಬಿ ಎತ್ತಿ ಮೇಜಿನ ಮೇಲೆ ಇಟ್ಟರು. "ಸಾರ್, ನನಗೆ ಹಸಿವು. ಊಟ ಮಾಡ್ಕೊಂಡು ಉಳಿದ ಅರ್ಧ ಕೇಳೋಣ" ಎಂದರು.

"ಹನ್ನೊಂದು ಗಂಟೆಗೆ ಎಂಥ ಊಟ ಸಾಹೇಬ್ರೆ?"

"ಸಕ್ಕರೆ ಕಾಯಿಲೆ ಇದೆ ಸಾರ್. ತಿನ್ನದಿದ್ರೆ ತಲೆ ಸುತ್ತುತ್ತೆ. ಮಂಡನೆ ಮಧ್ಯ ಊಟ ಮಾಡಬಾರದು ಅಂತ ಪುಸ್ತಕದಲ್ಲಿದ್ರೆ ತೋರಿಸಿ."

ಪುಸ್ತಕದಲ್ಲಿರಲಿಲ್ಲ. ಸಾಹೇಬರಿಗೆ ಸಕ್ಕರೆ ಕಾಯಿಲೆಯೂ ಇರಲಿಲ್ಲ, ಹಿಂದಿನ ವಾರವಷ್ಟೇ ನನ್ನ ಕಣ್ಣೆದುರು ನಾಲ್ಕು ಜಿಲೇಬಿ ತಿಂದಿದ್ದರು. ಚಿಕ್ಕವೀರಯ್ಯನವರಿಗೂ ಅದು ಗೊತ್ತಿತ್ತು. "ಒಂದು ಗಂಟೆಗೆ ಸೇರೋಣ" ಎಂದು ಎದ್ದರು. ಸಾಹೇಬರು ಡಬ್ಬಿ ಬಿಚ್ಚಿ, ಹಸಿವಿಲ್ಲದ ಹೊಟ್ಟೆಗೆ ಚಪಾತಿ ತುರುಕಿಕೊಳ್ಳುತ್ತ, "ಓಡೀ ಓಡಿ. ಇಸ್ಕೊಂಡು ಬನ್ನಿ" ಎಂದರು. ಆ ಪುಣ್ಯಾತ್ಮನಿಗೆ ನಾನು ದಿನವೂ ಮನಸ್ಸಿನಲ್ಲಿ ಕೈ ಮುಗಿಯುತ್ತೇನೆ. ಬೇಡ ಎನ್ನಲಿಕ್ಕೇ ಸಂಬಳ ತೆಗೆದುಕೊಳ್ಳುವ ಮನುಷ್ಯ, ನನ್ನ ಪರವಾಗಿ ಹನ್ನೊಂದು ಗಂಟೆಗೆ ಊಟ ಮಾಡಿದರು.

ಮನೆ ಮುಟ್ಟುವಾಗ ಏದುಸಿರು. ಜಗಲಿಯಲ್ಲಿ ಸಾಕಮ್ಮನನ್ನು ಕೂರಿಸಿಕೊಂಡು ಅತ್ತೆ ಮಾತಿಗಿಳಿದಿದ್ದರು. "ನಮ್ ಸುಗುಣಿ ಕೈ ಹಾಕುದ್ರೆ ಆಗಲ್ಲ ಅನ್ನೋ ಮಾತೇ ಇಲ್ಲ..." ಎನ್ನುವುದು ಬೀದಿಗೇ ಕೇಳುತ್ತಿತ್ತು. ಸಾಕಮ್ಮ ಒಪ್ಪಿಬಿಟ್ಟರೆ ಮುಗಿಯಿತು ಕಥೆ, ಅವಳ ಹಿಂದೆ ಅಲೆಯಬೇಕು! ನಾನು ಮೆಟ್ಟಿಲ ಮೇಲಿನಿಂದಲೇ, "ಅತ್ತೆ, ಬಾಯಿ ಮುಚ್ಚಿ!" ಎಂದು ಕಿರುಚಿದೆ. ಸೊಸೆ ಅತ್ತೆಗೆ ಹಾಗನ್ನುವುದನ್ನು ಕೇಳಿದ ಸಾಕಮ್ಮ ಎದ್ದು ಮನೆಗೆ ಓಡಿದಳು, ಒಪ್ಪುವಷ್ಟು ಪುರುಸೊತ್ತು ಅವಳಿಗೆ ಸಿಗಲಿಲ್ಲ.

ಒಳಗೆ ಕರೆದುಕೊಂಡು ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅತ್ತೆ ಪೂರಾ ಕೇಳಿ, ಹಜಾರದಲ್ಲಿದ್ದ ಮೊರವನ್ನು ಪಕ್ಕಕ್ಕೆ ಸರಿಸಿದರು. "ವಾಪಸ್ ಬೇಕಾ?" ಎಂದರು.

"ಹೂಂ ಅತ್ತೆ. ಲಾಂಡ್ರಿದು."

"ಲಾಂಡ್ರಿದು ಒಂದೇ ಬರಾಕಿಲ್ಲ ಕಣೆ. ಎರಡೂ ಒಂದಕ್ಕೊಂದು ಹೆಣ್ಕೊಂಡವೆ." ಗೋಡೆಗೆ ಒರಗಿ ಕೂತರು. "ನೀನು ನಿನ್ನೆ ಏನಂದೆ? ನನ್ನ ಕೈಲಾಗುತ್ತೆ ಅಂದ್ಯಲ್ಲ, ಅದೂ ನನ್ತಾವ್ಲೆ ಐತೆ. ಒಂಬತ್ತು ವರ್ಷ ಆಯ್ತು ನೀನು ಬಂದು. ಒಂದಿನಾನೂ ನಂಗೆ ನಿನ್ ಮ್ಯಾಲೆ ನಂಬ್ಕೆ ಬಂದಿರ್ನಿಲ್ಲ. ಸುಳ್ಳ್ಯಾಕೆ ಹೇಳ್ಲಿ, ನನ್ ಮಗನ್ನ ಯಾವಳೋ ಹೊಡ್ಕೊಂಡೋದ್ಲು ಅಂತ್ಲೇ ಇದ್ದೆ. ನಿನ್ನೆ ಸಂಜೆಯಿಂದ ಎದೆ ಒಳಗೆ ಬೆಚ್ಚಗೆ ಕುಂತೈತೆ. ಇವತ್ತು ಬೆಳಿಗ್ಗೆ ಬುತ್ತಿ ಕಟ್ಟೋವಾಗ ಎಷ್ಟು ಖುಷಿ ಆಯ್ತು ಗೊತ್ತಾ? ಇದ ಕೊಟ್ಬುಟ್ರೆ ನಾನು ಮತ್ತೆ ಅದೇ ಹಳೇ ಸಿಡುಕು ಮುದ್ಕಿ."

ಒಂಬತ್ತು ವರ್ಷ ಇದೊಂದು ಮಾತಿಗೆ ನಾನು ಎಷ್ಟು ಹಂಬಲಿಸಿದ್ದೆ, ಎಷ್ಟು ಸಲ ಸ್ನಾನದ ಮನೆಯಲ್ಲಿ ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಿದ್ದೆ ಎಂದು ನನಗೊಬ್ಬಳಿಗೇ ಗೊತ್ತು. ಈಗ ಅದು ನನ್ನೆದುರಿಗೆ ಗೋಡೆಗೆ ಒರಗಿ ಕೂತಿದೆ, ಅದನ್ನು ನಾನೇ ಕಿತ್ತುಕೊಳ್ಳಬೇಕು. "ಬೇಡ ಬಿಡಿ ಅತ್ತೆ. ಇಟ್ಕೊಳ್ಳಿ. ಯೋಜನೆ ಬಿದ್ರೆ ಬೀಳಲಿ" ಎಂದೆ. ಮನಃಪೂರ್ತಿಯಾಗಿಯೇ ಅಂದೆ.

ಅತ್ತೆ ಗೋಡೆ ಬಿಟ್ಟು ನೆಟ್ಟಗೆ ಕೂತರು. "ಹಂಗಂದ್ರೆ ಮಲ್ಲಾಜಮ್ಮಂಗೆ ಏನ್ ಹೇಳ್ತೀಯೆ? ನಮ್ಮತ್ತೆ ಬೆಚ್ಚಗವ್ಳೆ, ನೀವು ನೀರಲ್ಲಿ ನೆನೀತಿರಿ ಅಂತೀಯಾ?" ಎಂದರು. ಮಣೆ ಎಳೆದು ನನ್ನನ್ನು ಅದರ ಮೇಲೆ ಕೂರಿಸಿದರು, ತಾವು ಎದುರಿಗೆ ನೆಲದ ಮೇಲೆ ಕೂತರು. "ಕೇಳು ಈಗ. ಅಡ್ಡ ಬಾಯಿ ಹಾಕ್ಬೇಡ."

ಅಡ್ಡ ಬಾಯಿ ಹಾಕದೆ ಇರಲು ಆಗಲಿಲ್ಲ. ಖಾಲಿಯಾದವರಷ್ಟು ಮೊಂಡರು ಬೇರೆ ಯಾರೂ ಇಲ್ಲ. ಅತ್ತೆ ಒಂದು ಹೇಳಿದರೆ ನಾನು ಎರಡು ತೆಗೆದೆ. ಒಂಬತ್ತು ವರ್ಷ ಅವರು ನನಗೆ ಮಾಡಿದ್ದನ್ನೆಲ್ಲ ಅರ್ಧ ಗಂಟೆಯಲ್ಲಿ ನಾನು ಅವರಿಗೆ ತಿರುಗಿಸಿ ಮಾಡಿದೆ. "ಒಗೆಯೋದಕ್ಕೆ ಹದಿನೆಂಟು ಲಕ್ಷ ಯಾರಾದ್ರೂ ಹಾಕ್ತಾರಾ ಅತ್ತೆ? ಹೊಳೆ ಇದೆ, ಕಲ್ಲಿದೆ" ಎಂದೆ.

"ಒಗೆಯೋದು ಬುಡೆ. ನಿನ್ನೆ ನೀನೂ ಬರೀ ಒಗೆಯೋದೇ ಹೇಳ್ದೆ. ಒಗೆಯೋದ ಯಾರ್ ಬೇಕಾದ್ರೂ ಒಗೀತಾರೆ. ಒಣಗಿಸೋರು ಯಾರು?" ಎಂದರು ಅತ್ತೆ. "ನಿಮ್ಮಾವ ಕಾಯಿಲೆ ಬಿದ್ದಾಗ ಮಳೆಗಾಲ. ಆಸ್ಪತ್ರೆನಾಗೆ ಹಾಸೇ ಇರ್ನಿಲ್ಲ. ಐತೆ, ಆದ್ರೆ ಒಣಗಿಲ್ಲ ಅಂದ್ರು. ನಾನು ಎರಡು ಸೀರೆ ಹಾಸ್ದೆ. ಅದೂ ಒದ್ದೆ ಆದ್ಮೇಲೆ ಒಲೆ ಮ್ಯಾಲೆ ಹಿಡ್ಕೊಂಡು ಕುಂತಿದ್ದೆ. ಹೊಗೆ ವಾಸ್ನೆ ಹೊದ್ಕೊಂಡೇ ಆ ಜೀವ ಹೋಯ್ತು. ವರ್ಷದಾಗೆ ನಾಕು ತಿಂಗ್ಳು ಈ ಊರಲ್ಲಿ ಬಟ್ಟೆ ಒಣಗಲ್ಲ. ಒಣಗಿದ ಹಾಸು ಸಿಕ್ಕುದ್ರೆ ಎಷ್ಟು ದುಡ್ಡು ಬೇಕಾದ್ರೂ ಕೊಡ್ತಾರೆ ಕಣೆ, ಅವತ್ತು ನಂಗೆ ಒಂದು ಸಿಕ್ಕಿದ್ರೆ ತಾಳಿ ಬಿಚ್ಚಿ ಕೊಡ್ತಿದ್ದೆ."

ಒಂಬತ್ತು ವರ್ಷದಲ್ಲಿ ಮಾವನವರ ಸಾವಿನ ಸುದ್ದಿ ಅವರ ಬಾಯಲ್ಲಿ ಬಂದದ್ದಿಲ್ಲ. ಐದು ವಾರ ಹೊಳೆದಂಡೆಯಲ್ಲಿ ಕೂತ ನನಗೆ ಕಾಣದ್ದು ಇವರಿಗೆ ಅವರೆಕಾಯಿ ಸುಲಿಯುತ್ತ ಕಂಡಿತ್ತು.

ಅತ್ತೆ ನಿಲ್ಲಿಸಲಿಲ್ಲ. "ಇನ್ನು ನಿನ್ ವಿಚಾರ. ನಿನ್ ಕೈಲಾಗಲ್ಲ ಅಂತ ಈಗ ನಿಂಗೆ ಅನ್ನಿಸ್ತಾ ಐತೆ, ಅಲ್ವಾ? ನನ್ ಕಣ್ಣಿನ ಆಪರೇಸನ್ನಿಗೆ ಮೂರು ತಿಂಗ್ಳು ಕಾಯ್ಬೇಕು ಅಂದಿದ್ರು. ಆ ಡಾಕ್ಟ್ರನ್ನ ಒಪ್ಸಿ ಮೂರನೇ ದಿನಕ್ಕೆ ಮಾಡ್ಸಿದ್ದು ಯಾರು? ಆಮ್ಯಾಕೆ ಅವನಿಗೆ ನಂಬ್ಕೆ ಇತ್ತು, ನಿಂಗೆ ಇರ್ನಿಲ್ಲ, ಹೊರಗೆ ಗಡಗಡ ನಡುಗ್ತಾ ನಿಂತಿದ್ದೆ. ಆದ್ರೂ ಕದಲ್ನಿಲ್ಲ. ನಾನು ಒಳಗಿಂದ ನೋಡ್ದೆ. ಹೇಳ್ನಿಲ್ಲ ಅಷ್ಟೆ. ನೀನು ಮಾಡೋಳು ಕಣೆ ಸುಗುಣಿ. ನಾನು ಬಾಯಿಗೆ ಬಂದಂಗೆ ಅಂದೆ, ನೀನು ಮಾಡ್ತಾನೇ ಹೋದೆ." ಅವರ ಕೈ ನನ್ನ ಮೊಣಕಾಲಿನ ಮೇಲಿತ್ತು. ನನಗೆ ಕಣ್ಣೀರು ನಿಲ್ಲಲೊಲ್ಲದು. ಹಸಿದ ಹೊಟ್ಟೆಗೆ ಬಿಸಿ ಗಂಜಿ ಇಳಿದಂತೆ ಎರಡೂ ಒಟ್ಟಿಗೆ ಒಳಗೆ ಇಳಿದವು. ಆಗುತ್ತದೆ. ನನ್ನ ಕೈಲಾಗುತ್ತದೆ.

ಅತ್ತೆ ಮೊಣಕಾಲಿನ ಮೇಲಿಂದ ಕೈ ತೆಗೆದರು. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. "ಕುಂತೇ ಇದೀಯಲ್ಲ, ಹೊತ್ತಾಗ್ನಿಲ್ವಾ? ಆ ಚಪ್ಪಲಿ ಹಾಕ್ಕೊಂಡೇ ಒಳಗೆ ಬಂದಿದೀಯ, ನಿಮ್ಮಪ್ಪನ ಮನೇಲಿ ಇದೇ ಕಲಿಸಿದ್ದಾ?" ಎಂದರು. ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಒಂದು ಗಂಟೆಗೆ ಸರಿಯಾಗಿ ಮೇಜಿನ ಮುಂದೆ ನಿಂತೆ. ಕಾಗದ ಮಡಿಸಿಟ್ಟೆ. "ಸಾರ್, ನಾನು ಬೆಳಿಗ್ಗೆ ಒಗೆಯೋದರ ಬಗ್ಗೆ ಹೇಳಿದೆ. ಅದನ್ನ ಬಿಟ್ಟುಬಿಡಿ. ಒಣಗಿಸೋದರ ಬಗ್ಗೆ ಹೇಳ್ತೀನಿ" ಎಂದೆ. ಮಳೆಗಾಲದ ನಾಲ್ಕು ತಿಂಗಳ ಪಾಡು ಹೇಳಿದೆ. ಒದ್ದೆ ಹಾಸಿನ ಕಥೆ ಹೇಳಿದೆ. ಒಲೆಯ ಮೇಲೆ ಸೀರೆ ಹಿಡಿದು ಕೂತ ಒಬ್ಬ ಹೆಂಗಸಿನ ಬಗ್ಗೆ ಹೇಳಿದೆ, ಯಾರೆಂದು ಹೇಳಲಿಲ್ಲ. ಅನುಕೂಲ ಹೇಳುವ ಮೊದಲು ಅಪಾಯ ಹೇಳಿದೆ. ಯಂತ್ರ ವರ್ಷಕ್ಕೆ ಎರಡು ಸಲವಾದರೂ ಕೆಡುತ್ತದೆ ಎಂದು ನಾನೇ ಮುಂದಾಗಿ ಹೇಳಿದೆ. ಮೂವರನ್ನೂ ಒಂದೇ ಗಂಟಿಗೆ ಕಟ್ಟಿ ಮಾತಾಡಲಿಲ್ಲ. ಚಿಕ್ಕವೀರಯ್ಯನವರಿಗೆ ಬೇಕಾದ್ದು ಊರಿನ ಮುದುಕರ ಹಣ ಯಾವಾಗ ತಿರುಗಿ ಬರುತ್ತದೆ ಎನ್ನುವುದು; ನಾಲ್ಕು ವರ್ಷ ಎಂದೆ, ಮೂರು ಎಂದು ಆಸೆ ಹುಟ್ಟಿಸಲಿಲ್ಲ. ತಿಪ್ಪೇಸ್ವಾಮಿ, "ಆಸ್ಪತ್ರೆಯವರು ಕೈಬಿಟ್ರೆ?" ಎಂದ. ವಸತಿಗೃಹಗಳು, ಛತ್ರಗಳು ಯಾವ ಯಾವ ತಿಂಗಳು ಒದ್ದೆ ಬಟ್ಟೆಯಲ್ಲಿ ಒದ್ದಾಡುತ್ತವೆ ಎಂದು ಒಂದೊಂದಾಗಿ ಹೇಳಿದೆ. ಮುನಾವರ್ ಸಾಹೇಬರು ಕೊನೆಗೆ ಕೇಳಿದರು: "ಯಂತ್ರ ಕೆಟ್ಟ ದಿನ ಅಲ್ಲಿ ಯಾರು ನಿಂತಿರ್ತಾರಮ್ಮ?"

"ಮಲ್ಲಾಜಮ್ಮ ನಿಂತಿರ್ತಾಳೆ ಸಾಹೇಬ್ರೆ. ಮೂವತ್ತು ವರ್ಷ ಹೊಳೆ ಉಕ್ಕಿದಾಗಲೆಲ್ಲ ಅಲ್ಲೇ ನಿಂತಿದ್ದಾಳೆ, ಬಟ್ಟೆ ಒಂದೂ ಕೊಚ್ಚಿಕೊಂಡು ಹೋಗೋಕೆ ಬಿಟ್ಟಿಲ್ಲ."

ಮೊದಲು ತಿಪ್ಪೇಸ್ವಾಮಿಯ ಮುಖ ಅರಳಿತು. ಆಮೇಲೆ ಚಿಕ್ಕವೀರಯ್ಯನವರು ಕನ್ನಡಕ ಹಾಕಿಕೊಂಡರು. ಸಾಹೇಬರು ಕಣ್ಣು ಮುಚ್ಚಿ, ತೆರೆದು, "ಬೇಡ ಅನ್ನೋಕೆ ಏನೂ ಸಿಗ್ತಿಲ್ಲವಲ್ಲಮ್ಮ" ಎಂದು ನಕ್ಕರು. ಆ ನಗುವಿನ ಜೊತೆಗೇ ನನ್ನ ಲಾಂಡ್ರಿ ನನ್ನಿಂದ ಹೊರಟುಹೋಯಿತು. ಮೂವರೂ ಎದ್ದು ಯಂತ್ರ, ಶೆಡ್ಡು, ನೀರಿನ ಪೈಪು ಎಂದು ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ಇವರಿಗೆಲ್ಲ ತಲೆ ಕೆಟ್ಟಿದೆಯೇ, ಹದಿನೆಂಟು ಲಕ್ಷ ನೀರಿಗೆ ಹಾಕು‌ತ್ತಿದ್ದಾರಲ್ಲ ಎಂದುಕೊಂಡು ನಾನು ಮಜ್ಜಿಗೆ ಕುಡಿಯಲು ಹೋದೆ. ಶನಿವಾರ ಚಿಕ್ಕವೀರಯ್ಯನವರೇ ಮಲ್ಲಾಜಮ್ಮನ ಜೊತೆ ಆಸ್ಪತ್ರೆಗೆ ಹೋಗಿ ಕಾಗದಕ್ಕೆ ಸಹಿ ಹಾಕಿಸಿದರು. ಆರು ವರ್ಷವಾಯಿತು, ಲಾಂಡ್ರಿ ನಡೆಯುತ್ತಿದೆ, ಹಾಕಿದ ಹಣ ತಿರುಗಿ ಬಂದಿದೆ. ನನಗೆ ಇವತ್ತಿಗೂ ಅದರಲ್ಲಿ ನಂಬಿಕೆಯಿಲ್ಲ. ಅದರ ಮುಂದೆ ಹಾದು ಹೋಗುವಾಗಲೆಲ್ಲ, ಇನ್ನೂ ಮುಚ್ಚಿಲ್ಲವೇ ಎಂದು ಆಶ್ಚರ್ಯಪಡುತ್ತೇನೆ.

ಆ ಗುರುವಾರ ಸಂಜೆ ಮನೆಗೆ ಬಂದಾಗ ಅತ್ತೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. "ಒಪ್ಪಿದ್ರು ಅತ್ತೆ, ಮೂವರೂ" ಎಂದೆ.

"ಒಪ್ಪವ್ರೆ, ಬುದ್ಧಿ ಇಲ್ದೋರು. ಅದು ನಡಿಯೋ ಬಾಬ್ತಲ್ಲ, ಬರ್ದಿಟ್ಕೊ."

"ನನಗೂ ಹಾಗೇ ಅನ್ನಿಸ್ತಿದೆ."

ಅತ್ತೆ ತಿರುಗಿ ನೋಡಿದರು. ನಾನೂ ನೋಡಿದೆ. ಇಬ್ಬರಿಗೂ ನಗು ಬಂತು. ನಾವಿಬ್ಬರೂ ಒಂದು ಮಾತಿಗೆ ಒಟ್ಟಿಗೆ ನಕ್ಕದ್ದು ಅದೇ ಮೊದಲು, ನಕ್ಕು ನಕ್ಕು ಅತ್ತೆಗೆ ಕೆಮ್ಮು ಹತ್ತಿತು. ನೀರು ಕೊಟ್ಟೆ. ಆಗ ನನಗೆ ಒಂದು ಗೊತ್ತಾಯಿತು. ಆಫೀಸಿನಲ್ಲಿ ನಾನು ಒಪ್ಪಿಸಿದ್ದು ಲಾಂಡ್ರಿಯನ್ನು ಮಾತ್ರ. ಅತ್ತೆ ಕೊಟ್ಟ ಇನ್ನೊಂದು ನನ್ನಲ್ಲೇ ಉಳಿದಿತ್ತು, ನನ್ನ ಕೈಲಾಗುತ್ತದೆ ಎನ್ನುವುದು. ಅದು ಎದೆಯಲ್ಲಿರುವುದು ಉಸಿರೆಳೆದಾಗಲೆಲ್ಲ ತಿಳಿಯುತ್ತಿತ್ತು. ಅತ್ತೆಯ ಮುಖ ನೋಡಿದರೆ ಅಲ್ಲಿ ಅದರ ಸುಳಿವೂ ಇರಲಿಲ್ಲ.

"ಅತ್ತೆ, ನನ್ನ ಮೇಲೆ ಈಗ..." ಎಂದು ನಿಲ್ಲಿಸಿದೆ.

"ಇಲ್ಲ ಕಣೆ" ಎಂದರು. ಮರೆಮಾಚಲಿಲ್ಲ. "ಮದ್ಯಾನ ಇತ್ತು ಅನ್ನೋದು ನೆನಪೈತೆ. ಹೆಂಗಿತ್ತು ಅನ್ನೋದೂ ನೆನಪೈತೆ. ಚೆನ್ನಾಗಿತ್ತು."

ನಾನು ಒಲೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಅವರ ಮುಂದೆ ಕೂತೆ. "ಕೂತ್ಕೊಳ್ಳಿ ಅತ್ತೆ. ಈಗ ಮಂಡನೆ ಮುಗೀತು, ನನಗೆ ಅದರ ಕೆಲಸ ಇಲ್ಲ. ಮತ್ತೆ ಹೇಳ್ತೀನಿ. ಮೊದಲಿಂದ ಹೇಳ್ತೀನಿ. ನೀವೇ ಇಟ್ಕೊಳ್ಳಿ ಈ ಸಲ, ನಾನು ವಾಪಸ್ ಕೇಳಲ್ಲ" ಎಂದೆ. ಬಾಯಿ ತೆರೆದೆ.

ಅತ್ತೆ ಗಡಬಡಿಸಿ ಸೌಟು ಬಿಟ್ಟು, ತಮ್ಮ ಎರಡೂ ಕಿವಿಗಳನ್ನು ಕೈಯಿಂದ ಮುಚ್ಚಿಕೊಂಡರು. "ಏಯ್, ಸುಮ್ಕಿರೇ!" ಎಂದರು. "ನಂಗೆ ಕೊಟ್ರೆ ನಿಂಗೆ ಇರಲ್ವಲ್ಲೆ. ನಾನು ಒಲೆ ಮುಂದೆ ಕುಂತ್ಕೊಳ್ಳೋಳು. ನೀನು ನಾಕು ಜನದ ಮುಂದೆ ನಿಂತ್ಕೊಳ್ಳೋಳು. ನಿನ್ತಾವ್ಲೇ ಇರ್ಲಿ."